ನಿಮಗಿದು ಗೊತ್ತೇ? ಸಿಂಪಿಮರಿಯ ಜಮಾಖರ್ಚು

● ಪೆಸಿಫಿಕ್ ಸಿಂಪಿಯ ಒಂದು ಹೆಣ್ಣು ಒಂದೇ ಸಲಕ್ಕೆ 5ರಿಂದ 10 ಕೋಟಿ ಮೊಟ್ಟೆಗಳನ್ನು ಕಡಲಿಗೆ ಬಿಡಬಲ್ಲದು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ತಲೆಯೆಣಿಕೆ 6.11 ಕೋಟಿ.

● ಆ ಮೊಟ್ಟೆಯ ಅಡ್ಡಳತೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಮಕ್ಕಳ ಸ್ಕೇಲಿನಲ್ಲಿ ಎರಡು ಸಣ್ಣ ಗೆರೆಗಳ ನಡುವೆ ಹದಿನೆಂಟು ಮೊಟ್ಟೆಗಳನ್ನು ಸಾಲಾಗಿ ಕೂರಿಸಬಹುದು.

● ತಾಯಿ ಅಷ್ಟು ಪುಟ್ಟ ಡಬ್ಬಿಯಲ್ಲೇ ಮರಿಗೆ ಬುತ್ತಿ ಕಟ್ಟಿ ಕಳಿಸಿರುತ್ತಾಳೆ. ಒಂದಿಷ್ಟು ಕೊಬ್ಬು, ಒಂದಿಷ್ಟು ಪ್ರೋಟೀನ್. ಮೈ ರೂಪುಗೊಂಡು, ಬಾಯಿ ಮೂಡಿ, ಮೊದಲ ತುತ್ತು ಒಳಗೆ ಹೋಗುವವರೆಗೆ ಅದೇ ಅದರ ಒಟ್ಟು ಆಸ್ತಿ. ತಂದೆತಾಯಿ ಇಬ್ಬರೂ ಆಗಲೇ ದೂರ. ಇನ್ನು ಮೇಲೆ ಎಲ್ಲ ಖರ್ಚೂ ಅದರದೇ.

● ಹದವಾದ ಬೆಚ್ಚಗಿನ ನೀರಿದ್ದರೆ ಗರ್ಭಕಟ್ಟಿದ ಸುಮಾರು 24 ಗಂಟೆಯಲ್ಲಿ ಮರಿಗೆ ಎರಡು ಹೋಳಿನ ಚಿಪ್ಪು ಬಂದಿರುತ್ತದೆ. ಪಕ್ಕದಿಂದ ನೋಡಿದರೆ ಇಂಗ್ಲಿಷಿನ ‘ಡಿ’ ಅಕ್ಷರದ ಆಕಾರ. ಸಿಂಪಿ ಸಾಕುವವರು ಇದನ್ನು ‘ಡಿ-ಲಾರ್ವಾ’ ಎಂದೇ ಕರೆಯುತ್ತಾರೆ. ಈ ಹಂತದಲ್ಲಿ ಅದಕ್ಕೆ ಈಜಲೂ ಉಣ್ಣಲೂ ಇರುವುದು ಒಂದೇ ಅಂಗ: ಅಂಚಿಗೆ ಸೂಕ್ಷ್ಮ ರೋಮಗಳಿರುವ ‘ವೀಲಮ್’ ಎಂಬ ತಟ್ಟೆ. ರೋಮಗಳು ಬಡಿಯುತ್ತಿದ್ದರೆ ಮರಿ ತೇಲುತ್ತದೆ, ಪಾಚಿಯ ಕಣಗಳು ಬಾಯಿಗೆ ಬರುತ್ತವೆ. ನಿಂತರೆ ತಳ ಸೇರುತ್ತದೆ.

● ಎರಡು ದಿನ ತುಂಬುವ ಹೊತ್ತಿಗೆ ಮರಿಯ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ಬರೀ ಸುಣ್ಣದ ಚಿಪ್ಪು! ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಜಾರ್ಜ್ ವಾಲ್ಡ್‌ಬಸರ್ ಮತ್ತು ಸಂಗಡಿಗರು 2013ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಈ ಚಿಪ್ಪಿನ ಹೆಚ್ಚಿನ ಭಾಗದ ಖರ್ಚು ತಾಯಿ ಕೊಟ್ಟ ಬುತ್ತಿಯಿಂದಲೇ ಹೋಗಬೇಕು. ಏಕೆಂದರೆ ಚಿಪ್ಪು ಸಿದ್ಧವಾಗದೆ ವೀಲಮ್ ಕೆಲಸಕ್ಕೆ ಇಳಿಯುವುದಿಲ್ಲ, ವೀಲಮ್ ಇಲ್ಲದೆ ಊಟವಿಲ್ಲ.

● ಮರಿಯ ಚಿಪ್ಪೂ ದೊಡ್ಡ ಸಿಂಪಿಯ ಚಿಪ್ಪೂ ಒಂದೇ ಸುಣ್ಣ, ಆದರೆ ಹರಳಿನ ಕಟ್ಟಡ ಬೇರೆ. ಮರಿಯದು ಅರಗೊನೈಟ್, ಬೆಳೆದದ್ದರಲ್ಲಿ ಬಹುಪಾಲು ಕ್ಯಾಲ್ಸೈಟ್. ಅರಗೊನೈಟ್ ಬೇಗ ಕರಗುತ್ತದೆ. ಜೀವನದ ಅತ್ಯಂತ ನಾಜೂಕಾದ ದಿನಗಳಲ್ಲೇ ಅದಕ್ಕೆ ಅತ್ಯಂತ ನಾಜೂಕಾದ ಗೋಡೆ.

● ಚಿಪ್ಪು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಅದಕ್ಕಿಂತ ದೊಡ್ಡದು. ಬೆಳೆಯುತ್ತಿರುವ ಸಿಂಪಿಮರಿಯ ಶಕ್ತಿಯನ್ನು ಎಲ್ಲಕ್ಕಿಂತ ಹೆಚ್ಚಾಗಿ ನುಂಗುವುದು ಪ್ರೋಟೀನ್ ತಯಾರಿಕೆ. ಈಜಾಟದ ಖರ್ಚು ಅಷ್ಟಿಲ್ಲ. ಸ್ನಾಯು, ಕಿಣ್ವ, ರೋಮ, ಚಿಪ್ಪಿಗೆ ಅಚ್ಚಾಗುವ ಪೊರೆ, ಎಲ್ಲವೂ ಪ್ರೋಟೀನಿನಿಂದಲೇ ಆಗಬೇಕು.

● ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರ. ಈ ಸರಕ್ಕೆ ಒಂದು ಮಣಿ ಪೋಣಿಸಬೇಕಾದರೆ ಜೀವಕೋಶ ನಾಲ್ಕು ನಾಣ್ಯ ತೆರಬೇಕು. ನಾಣ್ಯದ ಹೆಸರು ಎಟಿಪಿ, ಕೆಲವು ಕಡೆ ಅದರ ಸೋದರ ಜಿಟಿಪಿ. ಅಮೈನೋ ಆಮ್ಲವನ್ನು ಟ್ರಾನ್ಸ್‌ಫರ್ ಆರ್‌ಎನ್‌ಎ ಎಂಬ ಹಮಾಲಿಯ ಬೆನ್ನಿಗೆ ಹೊರಿಸಲು ಎರಡು ನಾಣ್ಯದ ಬೆಲೆ. ಹಮಾಲಿಯನ್ನು ರೈಬೋಸೋಮ್ ಎಂಬ ಕಾರ್ಖಾನೆಯೊಳಗೆ ಬಿಟ್ಟುಕೊಳ್ಳಲು ಒಂದು. ಮಣಿ ಸೇರಿದ ಮೇಲೆ ಸರವನ್ನು ಒಂದು ಹೆಜ್ಜೆ ಮುಂದೆ ಸರಿಸಲು ಇನ್ನೊಂದು. ಬ್ಯಾಕ್ಟೀರಿಯಾ, ಸಿಂಪಿ, ಹಲಸಿನ ಮರ, ಮನುಷ್ಯ, ಎಲ್ಲರಿಗೂ ಇದೇ ದರ. ಇದರಲ್ಲಿ ಚೌಕಾಸಿ ಇಲ್ಲ.

● ನಮ್ಮ ಸ್ನಾಯುವಿನಲ್ಲಿರುವ ಟೈಟಿನ್ ಎಂಬ ಪ್ರೋಟೀನಿನಲ್ಲಿ 34 ಸಾವಿರಕ್ಕೂ ಹೆಚ್ಚು ಮಣಿಗಳಿವೆ. ಅಂಥ ಒಂದೇ ಒಂದು ಸರ ಪೋಣಿಸಲು 1 ಲಕ್ಷ 36 ಸಾವಿರಕ್ಕೂ ಹೆಚ್ಚು ನಾಣ್ಯ ಬೇಕು. ಸೆಕೆಂಡಿಗೆ ಐದು ಮಣಿಯಂತೆ ಪೋಣಿಸಿದರೂ ಹತ್ತಿರ ಹತ್ತಿರ ಎರಡು ಗಂಟೆ.

● ರೈಬೋಸೋಮಿನ ಒಳಗಿನ ನಕ್ಷೆಯನ್ನು ಪರಮಾಣು ಮಟ್ಟದಲ್ಲಿ ಬಿಡಿಸಿದ್ದಕ್ಕೆ 2009ರ ರಸಾಯನಶಾಸ್ತ್ರದ ನೊಬೆಲ್ ಬಂದಿತು. ಹಂಚಿಕೊಂಡವರು ಅಡಾ ಯೋನಾತ್, ಥಾಮಸ್ ಸ್ಟೈಟ್ಜ್ ಮತ್ತು ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಿ ರಾಮಕೃಷ್ಣನ್.

● ಈಗ ಬೆಲೆಯನ್ನು ನಾವೇ ಲೆಕ್ಕ ಹಾಕೋಣ. ಒಂದು ಅಮೈನೋ ಆಮ್ಲದ ಸರಾಸರಿ ತೂಕ 110 ಡಾಲ್ಟನ್. ಹಾಗಾದರೆ 1 ಮಿಲಿಗ್ರಾಂ ಪ್ರೋಟೀನಿನಲ್ಲಿ ಸುಮಾರು 9 ಮೈಕ್ರೋಮೋಲ್ ಮಣಿಗಳು. ಮಣಿಗೆ ನಾಲ್ಕರಂತೆ 36 ಮೈಕ್ರೋಮೋಲ್ ಎಟಿಪಿ. ಜೀವಕೋಶದೊಳಗೆ 1 ಮೋಲ್ ಎಟಿಪಿ ಕೊಡುವ ಶಕ್ತಿ ಸುಮಾರು 50 ಕಿಲೋಜೂಲ್. ಗುಣಿಸಿದರೆ ಮಿಲಿಗ್ರಾಮಿಗೆ 1.8 ಜೂಲ್.

ಇದು ಕಾಗದದ ಮೇಲಿನ ಲೆಕ್ಕ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೊನಾಲ್ ಮನಹಾನ್ ಅವರ ತಂಡ ಜೀವಂತ ಸಿಂಪಿಮರಿಗಳಲ್ಲಿ ಅಳೆದಾಗ ಸಿಕ್ಕ ಸಂಖ್ಯೆ 2.1 ಜೂಲ್. ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿ, ಸಾಧ್ಯವಿರುವ ಕನಿಷ್ಠ ಬೆಲೆಯ ಇಷ್ಟು ಹತ್ತಿರದಲ್ಲಿ ಸಂಸಾರ ನಡೆಸುತ್ತದೆ. ಈ ಅಂಕಣಕ್ಕೆ ಕೂಡಿಹಾಕಿದ ಸಂಖ್ಯೆಗಳಲ್ಲಿ ನನ್ನನ್ನು ಅತಿ ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ.

● 2.1 ಜೂಲ್ ಎಂದರೆ ಎಷ್ಟು? 100 ಗ್ರಾಂ ತೂಕದ ಬಾಳೆಹಣ್ಣನ್ನು ನೆಲದಿಂದ ಎರಡು ಮೀಟರಿಗಿಂತ ಕೊಂಚ ಮೇಲೆ ಎತ್ತುವಷ್ಟು. ಆದರೆ ಸಿಂಪಿಮರಿ ಮಿಲಿಗ್ರಾಂ ಲೆಕ್ಕದ ಪ್ರಾಣಿಯಲ್ಲ, ಅದರದು ನ್ಯಾನೋಗ್ರಾಂ ಪ್ರಪಂಚ. 100 ನ್ಯಾನೋಗ್ರಾಂ ಪ್ರೋಟೀನ್ ಕಟ್ಟಲು ಅದಕ್ಕೆ ತಗಲುವ ಶಕ್ತಿಯಲ್ಲಿ ಒಂದು ಅಕ್ಕಿಕಾಳನ್ನು ನೆಲದಿಂದ ನಿಮ್ಮ ಸೊಂಟದೆತ್ತರಕ್ಕೆ ತರಬಹುದು. ಆ ಅಕ್ಕಿಕಾಳನ್ನು ಎತ್ತುವುದಕ್ಕಾಗಿಯೇ ಮರಿ ಹಗಲಿರುಳು ಪಾಚಿ ತಿನ್ನುತ್ತದೆ.

● ಕಟ್ಟಿದ ಪ್ರೋಟೀನಿನ ಒಳಗೆ ಉಳಿಯುವ ಶಕ್ತಿ ಮಿಲಿಗ್ರಾಮಿಗೆ ಸುಮಾರು 24 ಜೂಲ್. ಕಟ್ಟುವ ಕೂಲಿ ಸರಕಿನ ಬೆಲೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಿದ್ದರೂ ಆ ಕೂಲಿಯೇ ಮರಿಯ ಬಜೆಟ್ಟಿನ ಮೊದಲ ಬಾಬ್ತು.

● ಇಷ್ಟು ಸಣ್ಣ ಜೀವಿಯ ಖರ್ಚನ್ನು ಅಳೆಯುವುದು ಹೇಗೆ? ಉಪಾಯ ಸರಳ. ಪುಟ್ಟ ಸೀಸೆಯಲ್ಲಿ ಮರಿಗಳ ಗುಂಪನ್ನು ಹಾಕಿ ಅವು ಎಷ್ಟು ಆಮ್ಲಜನಕ ಉಸಿರಾಡುತ್ತವೆಂದು ನೋಡುತ್ತಾರೆ. ಗುರುತು ಹಾಕಿದ ಅಮೈನೋ ಆಮ್ಲವನ್ನು ನೀರಿಗೆ ಸೇರಿಸಿ ಅದು ಎಷ್ಟು ಬೇಗ ಪ್ರೋಟೀನ್ ಆಗುತ್ತದೆಂದೂ ನೋಡುತ್ತಾರೆ. ಆಮೇಲೆ ರೈಬೋಸೋಮನ್ನು ತಡೆಯುವ ಔಷಧ ಹಾಕುತ್ತಾರೆ. ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ, ಉಸಿರಾಟ ಒಂದಿಷ್ಟು ಇಳಿಯುತ್ತದೆ. ಎಷ್ಟು ಇಳಿಯಿತೋ ಅಷ್ಟು ಆ ಕೆಲಸದ ಖರ್ಚು. ಮನೆಯಲ್ಲಿ ಫ್ರಿಜ್ ಆರಿಸಿ, ಮೀಟರು ಎಷ್ಟು ನಿಧಾನವಾಯಿತೆಂದು ನೋಡುವ ಹಾಗೆಯೇ ಇದು.

● ಇಂಥ ಪ್ರಯೋಗಗಳಿಗೆ ಒದಗುವ ಔಷಧಗಳಲ್ಲಿ ಎಮೆಟಿನ್ ಒಂದು. ವಾಂತಿ ಬರಿಸಲು ಹಿಂದೆ ವೈದ್ಯರು ಕೊಡುತ್ತಿದ್ದ ಇಪಿಕಾಕ್ ಬೇರಿನ ಸಾರ ಅದು.

● ಮರಿಯ ಎರಡನೇ ದೊಡ್ಡ ಖರ್ಚು ಉಪ್ಪಿನ ಪಂಪು. ಜೀವಕೋಶದ ಗೋಡೆಯಲ್ಲಿ ಕೂತ ಈ ಪಂಪು ಒಂದು ಎಟಿಪಿಗೆ ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. 1957ರಲ್ಲಿ ಇದನ್ನು ಕಂಡುಕೊಂಡವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ನೊಬೆಲ್ ಬರಲು ಅವರು 1997ರವರೆಗೆ ಕಾಯಬೇಕಾಯಿತು. ಅವರು ಅದನ್ನು ಮೊದಲು ಕಂಡದ್ದು ಏಡಿಯ ನರದಲ್ಲಿ!

● ಆ ಪಂಪನ್ನು ನಿಲ್ಲಿಸಲು ಬಳಸುವ ಊಅಬೇನ್, ಪೂರ್ವ ಆಫ್ರಿಕಾದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ ವಿಷ. ನಮ್ಮ ಅಂಗಳದ ಕಣಗಿಲೆ ಆ ವಿಷ ಸಿಗುವ ಗಿಡದ ಕುಟುಂಬಕ್ಕೇ ಸೇರಿದ್ದು. ಕಣಗಿಲೆಯ ವಿಷವೂ ಇದೇ ಪಂಪನ್ನು ಹಿಡಿದು ನಿಲ್ಲಿಸುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಕಣಗಿಲೆಯ ಎಲೆ, ಹೂವು ಅವರ ಬಾಯಿಗೆ ಹೋಗದಂತೆ ನೋಡಿಕೊಳ್ಳಿ.

● ಈಗ ಬಿಸಿಯ ಮಾತು. 2021ರಲ್ಲಿ ಅದೇ ಕ್ಯಾಲಿಫೋರ್ನಿಯಾ ತಂಡ ಪೆಸಿಫಿಕ್ ಸಿಂಪಿಮರಿಗಳನ್ನು ಬೇರೆ ಬೇರೆ ಉಷ್ಣತೆಯ ನೀರಿನಲ್ಲಿ ಬೆಳೆಸಿ ನೋಡಿತು. ನೀರು 10 ಡಿಗ್ರಿ ಬೆಚ್ಚಗಾದರೆ ಮರಿಯ ಉಸಿರಾಟ, ಅಂದರೆ ಅದರ ಆದಾಯ, ಎರಡು ಪಟ್ಟಾಗುತ್ತದೆ. ಪ್ರೋಟೀನ್ ತಯಾರಿಕೆಯ ವೇಗ ಮಾತ್ರ 2.9 ಪಟ್ಟಾಗುತ್ತದೆ.

ಸಂಬಳ ಎರಡರಷ್ಟು, ಮನೆಬಾಡಿಗೆ ಹತ್ತಿರ ಹತ್ತಿರ ಮೂರರಷ್ಟು ಆದ ಸಂಸಾರವನ್ನು ನೆನೆದುಕೊಳ್ಳಿ. ಮರಿಯ ಪಾಡೂ ಅದೇ. ಅದು ಸಹಜವಾಗಿ ಕಾಣುವ ಉಷ್ಣತೆಗಳ ವ್ಯಾಪ್ತಿಯೊಳಗೇ, ಒಟ್ಟು ಎಟಿಪಿಯಲ್ಲಿ ಪ್ರೋಟೀನಿಗೆ ಹೋಗುವ ಪಾಲು ಶೇ 35ರಿಂದ ಶೇ 65ಕ್ಕೆ ಏರುತ್ತದೆ. ಮಿಲಿಗ್ರಾಮಿನ ಬೆಲೆ ಬದಲಾಗಿಲ್ಲ, ಅದು 2.1 ಜೂಲೇ. ಕೊಳ್ಳುವ ಪ್ರಮಾಣ ಏರಿದೆ. ಉಪ್ಪಿನ ಪಂಪು, ಚಿಪ್ಪು, ಈಜು, ರೋಗದ ಎದುರು ಕಾವಲು, ಇವಿಷ್ಟಕ್ಕೂ ಉಳಿದ 35 ಪಾಲಿನಲ್ಲೇ ಹೊಂದಿಸಬೇಕು. ಬಿಸಿನೀರಿನ ಮರಿಗಳು ಬೇಗ ಬೆಳೆದವು, ಹೆಚ್ಚಾಗಿ ಸತ್ತವು ಕೂಡ. ಬೇಗ ಬೆಳೆಯುವ ಮರಿಯೆಂದರೆ ಗಟ್ಟಿ ಮರಿ ಎಂದು ಎಣಿಸುವುದು ತಪ್ಪೆಂದು ಇದರಿಂದ ಕಲಿತೆ.

● ಸಿಂಪಿಯ ವಂಶವಾಹಿಗಳ ಪೂರ್ಣ ಪಟ್ಟಿ 2012ರಲ್ಲಿ ಪ್ರಕಟವಾಯಿತು. ಬಿಸಿಯಿಂದ ಕೆಟ್ಟ ಪ್ರೋಟೀನುಗಳನ್ನು ಸರಿಪಡಿಸುವ ‘ಎಚ್‌ಎಸ್‌ಪಿ-70’ ಬಗೆಯ ವಂಶವಾಹಿಗಳು ಮನುಷ್ಯನಲ್ಲಿ 17 ಇದ್ದರೆ ಸಿಂಪಿಯಲ್ಲಿ 88! ಇಳಿತದ ಹೊತ್ತಿನಲ್ಲಿ ಬಿಸಿಲಿಗೆ ಒಡ್ಡಿಕೊಂಡು ಬಂಡೆಗೆ ಅಂಟಿ ಕೂರುವ ಜೀವಿಗೆ ಅಷ್ಟು ರಿಪೇರಿಯವರು ಬೇಕೇ ಬೇಕು. ರಿಪೇರಿಯವರೂ ಪ್ರೋಟೀನೇ, ಅವರನ್ನು ಸಾಕುವ ಖರ್ಚೂ ಇದೇ ಖಾತೆಯಿಂದ.

● ಕಡಲು ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡಷ್ಟೂ ಅದರ ಆಮ್ಲೀಯತೆ ಏರುತ್ತದೆ. ಕೈಗಾರಿಕಾ ಯುಗಕ್ಕೆ ಮುಂಚೆ ಮೇಲ್ಮೈ ನೀರಿನ ಪಿಎಚ್ ಸುಮಾರು 8.2 ಇತ್ತು, ಈಗ ಸುಮಾರು 8.1. ಕೇಳಲು ಏನೂ ಅಲ್ಲ. ಆದರೆ ಪಿಎಚ್ ಅಳತೆಯ ರೀತಿಯೇ ಬೇರೆ. ಈ ಒಂದು ದಶಾಂಶದ ಇಳಿಕೆ ಎಂದರೆ ಆಮ್ಲೀಯತೆ ಕಾಲು ಭಾಗಕ್ಕಿಂತ ಹೆಚ್ಚು ಏರಿದಂತೆ.

● ಅಂಥ ನೀರು ಮರಿಗೆ ಏನು ಮಾಡುತ್ತದೆ? 2015ರಲ್ಲಿ ಫ್ರಾನ್ಸಿಸ್ ಪ್ಯಾನ್, ಸ್ಕಾಟ್ ಆ್ಯಪಲ್‌ಬಾಮ್ ಮತ್ತು ಮನಹಾನ್ ಇದನ್ನು ಸಿಂಪಿಯಲ್ಲಲ್ಲ, ಸೀ ಅರ್ಚಿನ್ ಎಂಬ ಮುಳ್ಳುಚೆಂಡಿನಂಥ ಕಡಲಜೀವಿಯ ಮರಿಗಳಲ್ಲಿ ನೋಡಿದರು. ಆಮ್ಲೀಯ ನೀರಿನಲ್ಲಿ ಬೆಳೆದ ಮರಿಗಳ ಗಾತ್ರ ಕಡಿಮೆಯಾಗಿರಲಿಲ್ಲ. ಒಟ್ಟು ಉಸಿರಾಟವೂ ಅಷ್ಟೇ ಇತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದವರು ಎಲ್ಲ ಕ್ಷೇಮ ಎಂದು ಬರೆದು ಎದ್ದು ಹೋಗಬಹುದಿತ್ತು.

ಒಳಗಿನ ಲೆಕ್ಕ ಬೇರೆಯೇ ಆಗಿತ್ತು. ಪ್ರೋಟೀನ್ ತಯಾರಿಕೆ ಮತ್ತು ಉಪ್ಪಿನ ಪಂಪು ಎರಡರ ವೇಗವೂ ಸುಮಾರು ಅರ್ಧದಷ್ಟು ಏರಿತ್ತು. ಲಭ್ಯ ಎಟಿಪಿಯಲ್ಲಿ ಶೇ 84ರಷ್ಟು ಆ ಎರಡಕ್ಕೇ ಹೋಗುತ್ತಿತ್ತು. ಸಾಮಾನ್ಯ ನೀರಿನಲ್ಲಿ ಭ್ರೂಣಗಳೂ ಇನ್ನೂ ಉಣ್ಣದ ಮರಿಗಳೂ ಇದೇ ಎರಡು ಕೆಲಸಕ್ಕೆ ಸರಾಸರಿ ಶೇ 40 ಮಾತ್ರ ಕೊಡುತ್ತಿದ್ದವು. ಮೇಲೆ ನೋಡಿದರೆ ಅದೇ ಮರಿ, ಕೈಯಲ್ಲಿ ಉಳಿದದ್ದು 16 ಪಾಲು. ಇನ್ನೊಂದು ಸಣ್ಣ ತೊಂದರೆ ಬಂದರೂ ತಡೆಯುವ ಶಕ್ತಿ ಎಲ್ಲಿಂದ ತರಬೇಕು?

● ಕಡಲ ಮರಿಗಳ ಉಸಿರನ್ನು ಅಳೆಯುವ ಕೆಲಸ ಹೊಸದಲ್ಲ. 1908ರಲ್ಲಿ ಜರ್ಮನಿಯ ಓಟ್ಟೋ ವಾರ್‌ಬರ್ಗ್, ಸೀ ಅರ್ಚಿನ್ ಮೊಟ್ಟೆಗೆ ಗರ್ಭ ಕಟ್ಟಿದ ಕೂಡಲೇ ಅದು ಆಮ್ಲಜನಕ ಬಳಸುವ ವೇಗ ಆರು ಪಟ್ಟಿನವರೆಗೂ ಏರುವುದನ್ನು ತೋರಿಸಿದ್ದರು.

● 1982ರಲ್ಲಿ ಟಿಮ್ ಹಂಟ್ ಸೀ ಅರ್ಚಿನ್ ಮೊಟ್ಟೆಗಳಲ್ಲಿ ಹೊಸ ಪ್ರೋಟೀನುಗಳು ತಯಾರಾಗುವುದನ್ನು ಗಮನಿಸುತ್ತಿದ್ದಾಗ, ಒಂದು ಪ್ರೋಟೀನ್ ಮಾತ್ರ ಕೋಶ ಒಡೆದಾಗಲೆಲ್ಲ ಮಾಯವಾಗಿ ಮತ್ತೆ ಹುಟ್ಟುತ್ತಿತ್ತು. ಅದಕ್ಕೆ ಸೈಕ್ಲಿನ್ ಎಂದು ಹೆಸರಿಟ್ಟರು. ಕೋಶ ವಿಭಜನೆಯ ಗುಟ್ಟು ಬಿಚ್ಚಿದ ಆ ಕೆಲಸಕ್ಕೆ 2001ರ ನೊಬೆಲ್.

● ಅಮೆರಿಕದ ಆರೆಗಾನ್ ರಾಜ್ಯದ ನೆಟಾರ್ಟ್ಸ್ ಕೊಲ್ಲಿಯಲ್ಲಿ ವಿಸ್ಕಿ ಕ್ರೀಕ್ ಎಂಬ ಸಿಂಪಿಮರಿ ಹ್ಯಾಚರಿ ಇದೆ. ಪೆಸಿಫಿಕ್ ತೀರದ ಎಷ್ಟೋ ಸಿಂಪಿ ಕೃಷಿಕರಿಗೆ ಮರಿ ಹೋಗುವುದು ಅಲ್ಲಿಂದ. 2007ರ ಆಸುಪಾಸಿನಲ್ಲಿ ಅಲ್ಲಿನ ತೊಟ್ಟಿಗಳಲ್ಲಿ ಮರಿಗಳು ಕೋಟಿಗಟ್ಟಲೆ ಸಾಯತೊಡಗಿದವು. ಮೊದಲ ಅನುಮಾನ ವಿಬ್ರಿಯೋ ಬ್ಯಾಕ್ಟೀರಿಯಾದ ಮೇಲೆ. ನೀರನ್ನು ಶುದ್ಧಮಾಡಿದರೂ ಸಾವು ನಿಲ್ಲಲಿಲ್ಲ.

ಕೊನೆಗೆ ಕಾರಣ ಸಿಕ್ಕಿದ್ದು ನೀರಿನಲ್ಲೇ. ಆ ತೀರದಲ್ಲಿ ಬೇಸಿಗೆಯ ಉತ್ತರದ ಗಾಳಿ ಬೀಸಿದಾಗ ಆಳದ ತಣ್ಣೀರು ಮೇಲಕ್ಕೆ ಉಕ್ಕುತ್ತದೆ. ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು. ಗಾಳಿಯೊಡನೆ ಆ ನೀರಿನ ಸಂಪರ್ಕ ತಪ್ಪಿ ದಶಕಗಳೇ ಆಗಿರುತ್ತವೆ, ಎಂದರೆ ಹಳೆಯ ಹೊಗೆಯ ಸಾಲವನ್ನು ಇಂದಿನ ಮರಿ ತೀರಿಸುತ್ತದೆ. ಮೊಟ್ಟೆ ಹುಟ್ಟಿದ ದಿನದ ನೀರು ಎಂಥದು ಎಂಬುದೇ ಮರಿಯ ಮುಂದಿನ ಬೆಳವಣಿಗೆಯನ್ನು ನಿರ್ಧರಿಸುತ್ತಿತ್ತು ಎಂದು ಆ್ಯಲನ್ ಬಾರ್ಟನ್, ಬರ್ಕ್ ಹೇಲ್ಸ್ ಮೊದಲಾದವರ 2012ರ ಅಧ್ಯಯನ ತೋರಿಸಿತು. ಬುತ್ತಿಯೊಂದನ್ನೇ ನಂಬಿ ಚಿಪ್ಪು ಕಟ್ಟುವ ಆ ಮೊದಲ ಎರಡು ದಿನಗಳಲ್ಲಿ ಕೆಟ್ಟ ನೀರು ಸಿಕ್ಕ ಮರಿ ಅಂದೇ ಸಾಯದಿದ್ದರೂ, ವಾರದ ಮೇಲೆ ಕುಗ್ಗಿ ಕುಗ್ಗಿ ಸಾಯುತ್ತಿತ್ತು.

ಪರಿಹಾರ ಕೇಳಿ. ತೊಟ್ಟಿಯ ನೀರಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿದರು. ನಮ್ಮ ಅಂಗಡಿಗಳಲ್ಲಿ ಸಿಗುವ ಬಟ್ಟೆ ಒಗೆಯುವ ಸೋಡಾ ಕೂಡ ಅದೇ ವಸ್ತು. ಜೊತೆಗೆ, ತೊಟ್ಟಿ ತುಂಬಿಸುವ ಕೆಲಸವನ್ನು ಮಧ್ಯಾಹ್ನಕ್ಕೆ ಸರಿಸಿದರು. ಅಷ್ಟು ಹೊತ್ತಿಗೆ ಕೊಲ್ಲಿಯ ಪಾಚಿಯೂ ಕಡಲಹುಲ್ಲೂ ಬಿಸಿಲಿನಲ್ಲಿ ಆಹಾರ ತಯಾರಿಸುತ್ತ ಕಾರ್ಬನ್ ಡೈಆಕ್ಸೈಡನ್ನು ಹೀರಿರುತ್ತವೆ. ಮರಿಗಳು ಉಳಿದವು. ತೊಟ್ಟಿಯ ನೀರಿಗೆ ಸೋಡಾ ಹಾಕಬಹುದು, ಕಡಲಿಗೆ ಹಾಕುವುದು ಹೇಗೆ?

● ಎಲ್ಲ ಮರಿಗಳೂ ಒಂದೇ ಥರ ಮನೆವಾರ್ತೆ ಮಾಡುವುದಿಲ್ಲ. ಪ್ರತಿಯೊಂದೂ ಪ್ರೋಟೀನ್ ಕಟ್ಟುತ್ತದೆ, ಕಟ್ಟಿದ್ದರಲ್ಲಿ ಒಂದಷ್ಟನ್ನು ಒಡೆದು ಮತ್ತೆ ಕಟ್ಟುತ್ತದೆ. ಒಡೆಯುವುದು ಕಡಿಮೆ, ಉಳಿಸಿಕೊಳ್ಳುವುದು ಹೆಚ್ಚು ಎಂಬ ಮನೆತನದ ಮರಿ ಬೇಗ ಬೆಳೆಯುತ್ತದೆ. 1980ರ ದಶಕದಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಹಾಕಿನ್ಸ್ ಮತ್ತು ಬೇಯ್ನ್ ನೀಲಿ ಮಸೆಲ್‌ಗಳಲ್ಲಿ ಇದನ್ನೇ ಕಂಡಿದ್ದರು.

● ಸಿಂಪಿಯಲ್ಲೂ ಮುಸುಕಿನ ಜೋಳದ ಹಾಗೆ ಹೈಬ್ರಿಡ್ ತಳಿಯ ಹುರುಪು ಉಂಟು. ಡೆನಿಸ್ ಹೆಜ್‌ಕಾಕ್ ಅವರ ತಂಡ 2007ರಲ್ಲಿ ಆ ಹುರುಪಿನ ಹಿಂದಿನ ವಂಶವಾಹಿಗಳನ್ನು ಹುಡುಕಿದಾಗ ಎದ್ದು ಕಂಡವುಗಳಲ್ಲಿ ರೈಬೋಸೋಮಿನ ಪ್ರೋಟೀನುಗಳೂ ಇದ್ದವು. ಮತ್ತೆ ಅದೇ ಕಾರ್ಖಾನೆ.

● ಮೈಯ ಪ್ರೋಟೀನ್ ಒಮ್ಮೆ ಕಟ್ಟಿದರೆ ಮುಗಿಯಿತು ಎಂದು ಒಂದು ಕಾಲಕ್ಕೆ ವಿಜ್ಞಾನಿಗಳೂ ನಂಬಿದ್ದರು. 1930ರ ದಶಕದ ಕೊನೆಯಲ್ಲಿ ರುಡಾಲ್ಫ್ ಶೋನ್‌ಹೈಮರ್, ಭಾರ ಸಾರಜನಕದ ಗುರುತು ಹಾಕಿದ ಆಹಾರ ಕೊಟ್ಟು ಆ ನಂಬಿಕೆಯನ್ನು ಕೆಡವಿದರು. ಒಬ್ಬ ವಯಸ್ಕ ಮನುಷ್ಯ ದಿನಕ್ಕೆ 250–300 ಗ್ರಾಂ ಪ್ರೋಟೀನನ್ನು ಹೊಸದಾಗಿ ಕಟ್ಟುತ್ತಾನೆ. ಅಷ್ಟನ್ನೂ ಊಟದಿಂದ ತರುವುದಿಲ್ಲ, ಬಹುಪಾಲು ಹಳೆಯ ಗೋಡೆ ಕೆಡವಿದ ಕಲ್ಲುಗಳೇ. ವಿಶ್ರಾಂತಿಯಲ್ಲಿರುವಾಗ ನಮ್ಮ ದೇಹ ಬಳಸುವ ಶಕ್ತಿಯ ಐದನೇ ಒಂದು ಭಾಗ ಇದಕ್ಕೇ ಹೋಗುತ್ತದೆ.

● ಕೆಡವಲೂ ಎಟಿಪಿ ಬೇಕು. ಯಾವ ಪ್ರೋಟೀನನ್ನು ಕೆಡವಬೇಕೆಂದು ಚೀಟಿ ಅಂಟಿಸುವ ಯುಬಿಕ್ವಿಟಿನ್ ವ್ಯವಸ್ಥೆಯನ್ನು ಕಂಡುಕೊಂಡ ಸೀಹಾನೋವರ್, ಹರ್ಷ್‌ಕೊ, ರೋಸ್ ಅವರಿಗೆ 2004ರ ನೊಬೆಲ್ ಸಂದಿತು.

● ಅಂಟಾರ್ಕ್ಟಿಕಾದಲ್ಲಿ ಒಂದು ಒಗಟಿದೆ. ಅಲ್ಲಿನ ಸೀ ಅರ್ಚಿನ್ ಸ್ಟೆರೆಕೈನಸ್ ನ್ಯೂಮಯೆರಿಯ ಮರಿ ಬೆಳೆಯುವುದು ಸೊನ್ನೆಗಿಂತ ಕೆಳಗಿನ ಕಡಲನೀರಿನಲ್ಲಿ. 2001ರಲ್ಲಿ ಮಾರ್ಶ್, ಮ್ಯಾಕ್ಸನ್ ಮತ್ತು ಮನಹಾನ್ ಅದರ ಭ್ರೂಣ ಪ್ರೋಟೀನ್ ಕಟ್ಟುವ ಖರ್ಚನ್ನು ಅಳೆದರು. ಸಿಕ್ಕಿದ್ದು ಮಿಲಿಗ್ರಾಮಿಗೆ 0.45 ಜೂಲ್. ಬೇರೆ ಪ್ರಾಣಿಗಳಲ್ಲಿ ಆಗ ವರದಿಯಾಗಿದ್ದ ಖರ್ಚಿನ ಇಪ್ಪತ್ತೈದನೇ ಒಂದು ಭಾಗ. ನಾವು ಮೇಲೆ ಹಾಕಿದ 1.8ರ ಲೆಕ್ಕಕ್ಕಿಂತಲೂ ಎಷ್ಟೋ ಕಡಿಮೆ. ನಾಲ್ಕು ನಾಣ್ಯದ ಬಾಗಿಲನ್ನು ಒಂದೇ ನಾಣ್ಯ ಕೊಟ್ಟು ದಾಟಿದ್ದು ಹೇಗೆ ಎಂದು ಜೀವವಿಜ್ಞಾನಿಗಳು ಅಂದಿನಿಂದ ವಾದಿಸುತ್ತಲೇ ಇದ್ದಾರೆ.

● ಸಿಂಪಿಮರಿ ಬಾಯಿಯಿಂದಷ್ಟೇ ಉಣ್ಣುವುದಿಲ್ಲ. ಕಡಲನೀರಿನಲ್ಲಿ ಕರಗಿರುವ ಅಮೈನೋ ಆಮ್ಲಗಳನ್ನು ಮೈಯಿಂದಲೇ ನೇರವಾಗಿ ಹೀರಿಕೊಳ್ಳಬಲ್ಲದು. ನೀರಿನಲ್ಲಿ ಅವು ಇರುವುದು ಅತ್ಯಲ್ಪ, ಜೀವಕೋಶದೊಳಗೆ ಅದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚು. ಆದರೂ ಹೊರಗಿನಿಂದ ಒಳಗೆ ಎಳೆದುಕೊಳ್ಳುತ್ತದೆ.

● ಪಾಚಿಯ ಒಂದು ತುತ್ತೂ ಇಲ್ಲದೆ ಪೆಸಿಫಿಕ್ ಸಿಂಪಿಮರಿ ಸುಮಾರು ಒಂದು ತಿಂಗಳು ಬದುಕಿ ಉಳಿದದ್ದೂ, ಮತ್ತೆ ಆಹಾರ ಸಿಕ್ಕಾಗ ಚೇತರಿಸಿಕೊಂಡದ್ದೂ ದಾಖಲಾಗಿದೆ.

● ನಮ್ಮ ಕರಾವಳಿಯ ಅಡುಗೆಮನೆಗೂ ಈ ಅಮೈನೋ ಆಮ್ಲಗಳಿಗೂ ಒಂದು ಕೊಂಡಿ ಉಂಟು. ಬಳಚು, ಮರುವಾಯಿ, ಸಿಂಪಿ ಇವೆಲ್ಲ ಉಪ್ಪುನೀರಿನ ಒತ್ತಡಕ್ಕೆ ಸರಿಸಾಟಿಯಾಗಲು ಜೀವಕೋಶದೊಳಗೆ ಟಾರೀನ್, ಗ್ಲೈಸಿನ್, ಅಲನಿನ್ ಮೊದಲಾದ ಬಿಡಿ ಅಮೈನೋ ಆಮ್ಲಗಳನ್ನು ತುಂಬಿಟ್ಟುಕೊಳ್ಳುತ್ತವೆ. ಮಳೆಗಾಲದಲ್ಲಿ ಅಳಿವೆಯ ನೀರು ಸಿಹಿಯಾದಾಗ ಅವನ್ನು ಹೊರಗೆ ಬಿಡಬೇಕಾಗುತ್ತದೆ. ಬಳಚಿನ ಸಾರಿನ ಸಿಹಿ ಮಿಶ್ರಿತ ರುಚಿಯಲ್ಲಿ ಗ್ಲೈಸಿನ್ ಮತ್ತು ಅಲನಿನ್ ಪಾಲು ಇದೆ. ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತು ಮೊಣಕಾಲುದ್ದ ನೀರಿಗಿಳಿದು, ಕೆಸರಲ್ಲಿ ಕೈಯಾಡಿಸಿ ಬಳಚು ಆಯುವವರ ಬುಟ್ಟಿಯಲ್ಲಿರುವ ಒಂದೊಂದು ಚಿಪ್ಪೂ ಒಂದು ಕಾಲಕ್ಕೆ ಈ ನೀರಿನಲ್ಲಿ ತೇಲಿದ ಲಾರ್ವಾವೇ. ಆ ಅಳಿವೆ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು.

● ತೂತ್ತುಕುಡಿಯಲ್ಲಿ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 1973ರಲ್ಲಿ ಕೃಷಿ ಮುತ್ತು ಪಡೆದರು. ಮುತ್ತಿನ ಸಿಂಪಿಯ ಮರಿಗಳನ್ನು ತೊಟ್ಟಿಯಲ್ಲೇ ಬೆಳೆಸಲು ಬಂದದ್ದು 1981ರಲ್ಲಿ. ಮುತ್ತು ಬೆಳೆಸುವುದಕ್ಕಿಂತ ಮರಿ ಬೆಳೆಸುವುದು ಕಷ್ಟದ ವಿದ್ಯೆ. ಅವುಗಳ ಊಟ ಐಸೋಕ್ರೈಸಿಸ್ ಎಂಬ ಕಂದು ಬಂಗಾರದ ಬಣ್ಣದ ಸೂಕ್ಷ್ಮ ಪಾಚಿ.

● ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಡಿಸೆಂಬರಿನಿಂದ ಫೆಬ್ರುವರಿವರೆಗೆ ಚಿಪ್ಪು ತೆಗೆಯುವುದಿಲ್ಲ. ಅದು ಮರಿ ಹುಟ್ಟುವ ಕಾಲ. 2014ರಲ್ಲಿ ಎಂಎಸ್‌ಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ಸುಸ್ಥಿರ ಮೀನುಗಾರಿಕೆ ಪ್ರಮಾಣಪತ್ರ ಪಡೆದ ಭಾರತದ ಮೊದಲ ಮೀನುಗಾರಿಕೆ ಇದೇ. ನಮ್ಮ ಅಳಿವೆಗಳಲ್ಲೂ ಮರಿಗಳಿಗೆ ಇಂಥ ಮೂರು ತಿಂಗಳು ಬಿಟ್ಟುಕೊಡಬೇಕೆಂಬುದು ನನ್ನ ಬೇಡಿಕೆ.

● ಎರಡು ಮೂರು ವಾರ ತೇಲಿದ ಸಿಂಪಿಮರಿಗೆ ಒಂದು ಕಪ್ಪು ಕಣ್ಣಿನ ಚುಕ್ಕೆಯೂ ಒಂದು ಪಾದವೂ ಮೂಡುತ್ತವೆ. ಆಗ ಅದರ ಅಳತೆ ಮಿಲಿಮೀಟರಿನ ಮೂರನೇ ಒಂದು ಭಾಗ. ಹ್ಯಾಚರಿಗಳಲ್ಲಿ ಈ ಹಂತದ ಮರಿಗಳನ್ನು ಸೋಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತಂಪಾಗಿಟ್ಟು ದೂರದೂರಿಗೆ ಕಳಿಸುತ್ತಾರೆ. ದೊಡ್ಡ ನಿಂಬೆಹಣ್ಣಿನಷ್ಟು ಗಾತ್ರದ ಕಂದು ಉಂಡೆಯಲ್ಲಿ ಸುಮಾರು ಇಪ್ಪತ್ತು ಲಕ್ಷ ಮರಿಗಳು!

● ಗಟ್ಟಿ ಜಾಗ ಸಿಕ್ಕೊಡನೆ ಮರಿ ಅಂಟು ಸುರಿಸಿ ಒಂದು ಪಕ್ಕವನ್ನು ಭದ್ರ ಮಾಡಿಕೊಳ್ಳುತ್ತದೆ. ಇನ್ನು ಆಜನ್ಮ ಅಲ್ಲಿಂದ ಅಲುಗುವುದಿಲ್ಲ. ಇಷ್ಟು ದಿನ ಈಜಿಸಿದ, ಉಣಿಸಿದ ವೀಲಮ್ ಕರಗಿಹೋಗುತ್ತದೆ. ಕಿವಿರುಗಳು ಕೆಲಸಕ್ಕೆ ಬರುವವರೆಗೆ ಸರಿಯಾದ ಊಟವಿಲ್ಲ. ಮತ್ತೊಮ್ಮೆ ಕೂಡಿಟ್ಟ ಬುತ್ತಿಯ ಮೇಲೆ ದಿನ ದೂಡಬೇಕು. ಬಿಸಿನೀರಿನಲ್ಲೋ ಆಮ್ಲೀಯ ನೀರಿನಲ್ಲೋ ದುಡಿದು ದುಡಿದು ಬುತ್ತಿ ಖಾಲಿ ಮಾಡಿಕೊಂಡು ಬಂದ ಮರಿಗೆ ದಾಟಲು ಅತಿ ಕಷ್ಟದ ಹೊಳೆ ಇದು.

● ಮುಂದಿನ ಸಲ ಕಾರವಾರಕ್ಕೋ ಮಲ್ಪೆಗೋ ಉಳ್ಳಾಲಕ್ಕೋ ಹೋದಾಗ, ಬೆರಳುಗುರಿಗಿಂತ ಚಿಕ್ಕದಾದ, ಸವೆಯದ ಒಂದು ಎಳೆಯ ಚಿಪ್ಪನ್ನು ಆಯ್ದುಕೊಳ್ಳಿ. ಎರಡು ಹೋಳು ಕೂಡುವ ಜಾಗದಲ್ಲಿರುವ ಮೊನಚು ತುದಿಗೆ ಒಳ್ಳೆಯ ಭೂತಗನ್ನಡಿ ಹಿಡಿಯಿರಿ. ಉಳಿದ ಚಿಪ್ಪಿಗಿಂತ ಬೇರೆಯಾಗಿ, ನುಣ್ಣಗೆ, ಮಣಿಯಂಥ ಒಂದು ಬೊಟ್ಟು ಕಂಡರೆ ಅದೇ ಲಾರ್ವಾ ಕಟ್ಟಿದ ಮೊದಲ ಮನೆ. ಅಗಲ ಹೆಚ್ಚೆಂದರೆ ಮಿಲಿಮೀಟರಿನ ಮೂರನೇ ಒಂದು ಭಾಗ.